ಎಂಟರ ಕೆಳಗೆ ಆರು

ಅಧ್ಯಕ್ಷತೆ ವಹಿಸಿರುವ ನಮ್ಮ ಮುಖ್ಯ ಎಂಜಿನಿಯರ್ ಮೇಡಂ ಅವರೇ, ಇಷ್ಟು ಹೊತ್ತು ನನ್ನನ್ನು ಹೊಗಳಿ ನನಗೇ ನನ್ನ ಗುರುತು ಸಿಗದ ಹಾಗೆ ಮಾಡಿದ ಅತಿಥಿಗಳೇ, ಪಂಪ್‌ಹೌಸಿನ ಗೆಳೆಯರೇ, ಮೇಲಿನ ಪೇಟೆಯ ಮತ್ತು ಕೆಳಗಿನ ಪೇಟೆಯ ಬಂಧುಗಳೇ, ಮೂರನೆಯ ಸಾಲಿನಲ್ಲಿ ಕೂತಿರುವ ನಮ್ಮ ಅಕ್ಕನೇ, ಎಲ್ಲ ಸಭಿಕರೇ,

ನಿವೃತ್ತಿಯ ಮಾತನ್ನು ಐದು ನಿಮಿಷದಲ್ಲಿ ಮುಗಿಸಿ ಎಂದಿದ್ದಾರೆ. ಮೂವತ್ತಾರು ವರ್ಷ ಬಾಯಿ ಮುಚ್ಚಿಕೊಂಡಿದ್ದವನಿಗೆ ಐದು ನಿಮಿಷ ಯಾವ ಮೂಲೆಗೆ ಸಾಕು? ನನ್ನ ಕೆಲಸ ನಿಮಗೆ ಗೊತ್ತು. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಜಲಾಶಯದ ಮೆಟ್ಟಿಲಿಳಿಯುವುದು, ಅಳತೆ ಕಂಬದಲ್ಲಿ ನೀರು ಯಾವ ಗೆರೆ ಮುಟ್ಟಿದೆ ಎಂದು ನೋಡುವುದು, ಪುಸ್ತಕದಲ್ಲಿ ಬರೆಯುವುದು, ಆಫೀಸಿಗೆ ಫೋನ್ ಮಾಡುವುದು. ಅಷ್ಟೇ. ಮನೆಯಲ್ಲಿ ಹೆಂಡತಿ, "ಪಾತ್ರೇಲಿ ಹಾಲು ಎಷ್ಟಿದೆ ನೋಡ್ರೀ" ಅಂದರೆ "ಮೂರಂಗುಲ" ಎಂದವನು ನಾನು. ಅವತ್ತಿನಿಂದ ಆಫೀಸಿನಲ್ಲೂ ನನ್ನ ಹೆಸರು ಅಂಗುಲಣ್ಣ ಎಂದೇ ಆಯಿತು. ನಗಿ, ಪರವಾಗಿಲ್ಲ. ಸಂಬಳದ ದಿನ ಮಾತ್ರ ನನ್ನ ನಿಜವಾದ ಹೆಸರು ಕೇಳಿಬರುತ್ತಿತ್ತು.

ಈ ಕೆಲಸ ಕಲಿಸಿದವರು ನಮ್ಮ ಸೋದರಮಾವ. ಅಪ್ಪ ಅಮ್ಮ ಹೋದ ಮೇಲೆ ಅಕ್ಕನನ್ನೂ ನನ್ನನ್ನೂ ಸಾಕಿದವರೂ ಅವರೇ. ಜಲಾಶಯದ ಏರಿಯ ಪಕ್ಕದ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ನಾವು ಬೆಳೆದೆವು. ಗೋಡೆಯ ಮೇಲೆ ದೊಡ್ಡ ನಕ್ಷೆ ಇತ್ತು. ಬೆಟ್ಟದಿಂದ ಇಳಿದು ನಮ್ಮ ಜಲಾಶಯ ಸೇರುವ ಮೂರು ಹಳ್ಳಗಳನ್ನು ಅದರಲ್ಲಿ ನೀಲಿ ಪೆನ್ಸಿಲಿನಿಂದ ತಿದ್ದಿದ್ದರು. ಮಾವ ಊಟಕ್ಕೆ ಕೂತಾಗ ಅದನ್ನೇ ತೋರಿಸಿ, "ಆ ಹಳ್ಳ ಸೋಮಾರಿ, ಈ ಹಳ್ಳ ಜಗಳಗಂಟಿ, ಮೂರನೇದು ನಿಮ್ಮಕ್ಕನ ಥರ, ಹೇಳದೆ ಕೇಳದೆ ಬಂದು ಕೆಲಸ ಮುಗಿಸಿ ಹೋಗತ್ತೆ" ಅನ್ನುತ್ತಿದ್ದರು. ಎಂಥ ದಿನಗಳು ಅವು! ಆ ಕೋಣೆಯ ಒದ್ದೆ ಸುಣ್ಣದ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಆ ಮನೆಯನ್ನು ನಾನು ತುಂಬ ಪ್ರೀತಿಸಿದೆ.

ಸೋಮವಾರ ಆ ಕಂಬದ ಪಕ್ಕದಲ್ಲಿ ಯಂತ್ರ ಕೂರಿಸುತ್ತಾರೆ. ಅದು ನೀರಿನ ಆಳವನ್ನು ತಾನೇ ಅಳೆಯುತ್ತದಂತೆ, ಯಾರೋ ಬರೆದ ಅಂಕಿಯನ್ನು ನಂಬುವುದಿಲ್ಲವಂತೆ. ಸಂತೋಷ. ಆದರೆ ಅದು ಹೇಳುವುದಕ್ಕೆ ಮೊದಲು ನಾನೇ ಹೇಳಬೇಕಾದ ಒಂದು ಮಾತಿದೆ. ಭಾಷಣದ ಚೀಟಿಯಲ್ಲಿ ಇದನ್ನು ಬರೆದುಕೊಂಡಿಲ್ಲ. ಚೀಟಿಯನ್ನು ಜೇಬಿಗೆ ಹಾಕಿಕೊಳ್ಳುತ್ತೇನೆ.

ಸಭಿಕರೇ, ನಮ್ಮ ಅಳತೆ ಕಂಬದಲ್ಲಿ ಏಳು ಇಲ್ಲ.

ಮೂವತ್ಮೂರು ವರ್ಷದ ಹಿಂದೆ ದುರಸ್ತಿಗೆಂದು ಜಲಾಶಯ ಖಾಲಿ ಮಾಡಿದ್ದರು. ಅದೇ ಸಮಯಕ್ಕೆ ಕಂಬಕ್ಕೆ ಹೊಸ ಬಣ್ಣ. ಅಡಿಗೊಂದು ಗೆರೆ, ಗೆರೆಗೊಂದು ಅಂಕಿ. ಮಾವ ಮೇಲಿನಿಂದ ಬರೆಯುತ್ತಾ, ಜೋರಾಗಿ ಎಣಿಸುತ್ತಾ ಇಳಿದರು. ಒಂಬತ್ತು ಬರೆದರು. ಎಂಟು ಬರೆದರು. ಕುಂಚ ಅದ್ದಿಕೊಳ್ಳಲು ಮೆಟ್ಟಿಲ ಮೇಲೆ ಕೂತರು. ಆಗಲೇ ಆಸ್ಪತ್ರೆಯಿಂದ ಅಕ್ಕ ಏರಿಯ ಮೇಲೆ ಓಡಿ ಬಂದಳು. ಅಲ್ಲಿಂದಲೇ ಕೂಗಿದಳು: "ಏಳು ಮಾವಾ, ಏಳು! ತಮ್ಮನಿಗೆ ಮಗಳು ಹುಟ್ಟಿದಳು!"

ಮಾವ ಎದ್ದರು. ಕುಂಚ ಅಲ್ಲೇ ಬಿಟ್ಟು ಓಡಿದರು. ಮಾರನೆಯ ದಿನ ಬಂದು ನಿಂತಾಗ ಅವರ ಕಿವಿಯಲ್ಲಿ 'ಏಳು' ಆಗಿಹೋಗಿತ್ತು. ಆರು ಎಂದು ಬರೆದರು. ಕಂಬದ ಬುಡ ಕೆಸರಿನಲ್ಲಿ ಹುದುಗಿತ್ತು, ಕೊನೆಗೊಂದು ಗೆರೆ ಮಿಕ್ಕಿದ್ದು ಕಾಣಲೇ ಇಲ್ಲ. ಹೀಗೆ ಎಂಟರ ಕೆಳಗೆ ಆರು ಬಂತು. ಅಲ್ಲಿಂದ ಸೊನ್ನೆಯವರೆಗೆ ಪ್ರತಿ ಅಂಕಿಯೂ ಇರುವುದಕ್ಕಿಂತ ಒಂದಡಿ ಕಡಿಮೆ ನೀರು ಹೇಳುತ್ತಿತ್ತು. ಯಾರಿಗೆ ಗೊತ್ತಾಗಬೇಕು? ಮೊದಲ ಮಳೆಗೆ ಒಂದೇ ರಾತ್ರಿಯಲ್ಲಿ ಜಲಾಶಯ ತುಂಬಿದ ಮೇಲೆ ನೀರು ಎಂಟರ ಕೆಳಗೆ ಇಳಿದದ್ದೇ ಇಲ್ಲವಲ್ಲ.

ಹನ್ನೊಂದು ವರ್ಷ ಇಳಿಯಲಿಲ್ಲ. ಆಮೇಲೆ ಆ ಬರಗಾಲ ಬಂತು. ಮೂರು ಹಳ್ಳವೂ ಬತ್ತಿದವು, ಅಕ್ಕನ ಥರದ್ದೂ ಸೇರಿ. ಒಂದು ಬೆಳಿಗ್ಗೆ ಎಂಟರ ಗೆರೆ ಬಯಲಾಯಿತು. ಅದರ ಕೆಳಗೆ, ನೀರಿನೊಳಗೆ, ಆರು ಕಂಡಿತು. ನಾನು ಕಣ್ಣುಜ್ಜಿಕೊಂಡೆ. ಕನ್ನಡಕ ಒರೆಸಿಕೊಂಡೆ. ಅಧಿಕಾರಿಗಳು ಬಂದರು, ಕಂಬ ನೋಡಿದರು, ಪುಸ್ತಕ ನೋಡಿದರು, ತಲೆಯಾಡಿಸಿ ಜೀಪು ಹತ್ತಿದರು. ದೊಡ್ಡ ಓದು ಓದಿದವರು ಎಂಟರಿಂದ ಕೆಳಕ್ಕೆ ಎಣಿಸುತ್ತಾರೆಯೇ?

ಮಾವ ಆಗ ನಿವೃತ್ತರು, ನಮ್ಮ ಜೊತೆಗೇ ಇದ್ದರು. ಹೋಗಿ ಹೇಳಿದೆ. ಅವರ ಮುಖ ಸಣ್ಣದಾಯಿತು. "ಯಾರಿಗೂ ಹೇಳಬೇಡ ಕಣೋ" ಅಂದರು. "ಇದೆ ಅಂತ ಗೊತ್ತಾದ್ರೆ ಆ ಒಂದಡೀನೂ ಕುಡಿದುಬಿಡ್ತಾರೆ. ಗೊತ್ತಿಲ್ದೇ ಇದ್ರೆ ಉಳಿಯತ್ತೆ." ನಾನು ಒಪ್ಪಿಕೊಂಡೆ. ಉಳಿಸಿದ್ದು ನೀರನ್ನೋ, ಮಾವನ ಮರ್ಯಾದೆಯನ್ನೋ? ಇಪ್ಪತ್ತೆರಡು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ಸುಳ್ಳು ಯಾಕೆ, ಅವತ್ತು ಮಾವನ ಮುಖ ಬಿಟ್ಟು ನನಗೆ ಬೇರೇನೂ ಕಾಣಲಿಲ್ಲ.

ನಿಯಮ ನಿಮಗೆ ನೆನಪಿರಬಹುದು. ಅಂಕಿ ಐದಕ್ಕೆ ಬಂದರೆ ಕೆಳಗಿನ ಪೇಟೆಗೆ ನೀರು ಬಂದ್, ಉಳಿದದ್ದು ಆಸ್ಪತ್ರೆ ಇರುವ ಮೇಲಿನ ಪೇಟೆಗೆ. ನಾನು ಫೋನಿನಲ್ಲಿ "ಐದು" ಅಂದೆ. ಇದ್ದದ್ದು ಆರು. ಕೆಳಗಿನ ಪೇಟೆಯವರೇ, ನಿಮ್ಮ ನಲ್ಲಿ ಒಂಬತ್ತು ದಿನ ಮೊದಲೇ ನಿಂತಿತು.

ನಮ್ಮ ಅಕ್ಕನನ್ನು ಕೊಟ್ಟದ್ದು ಅದೇ ಪೇಟೆಗೆ. ಅವಳ ಬೀದಿಯವರು ಖಾಲಿ ಕೊಡ ಹಿಡಿದು ಆಫೀಸಿಗೆ ಹೊರಟರಂತೆ. ಅಕ್ಕ ನನ್ನ ಹತ್ತಿರ ಬಂದು, "ನಿಜ ಹೇಳು, ನೀರಿದೆಯೇನೋ?" ಅಂದಳು. "ಇಲ್ಲ ಅಕ್ಕ" ಅಂದೆ. ಅವಳು ವಾಪಸು ಹೋಗಿ ಬೀದಿಯ ಮಧ್ಯೆ ನಿಂತು, "ನನ್ನ ತಮ್ಮ ಇಲ್ಲ ಅಂದ ಮೇಲೆ ಮುಗೀತು, ಅವನು ಸುಳ್ಳು ಹೇಳೋನಲ್ಲ. ನಡೀರಿ, ಬಾವಿಗೆ ಹೋಗೋಣ" ಎಂದು ಎಲ್ಲರನ್ನೂ ತಿರುಗಿಸಿದಳು. ಆ ಒಂಬತ್ತು ದಿನದಲ್ಲಿ ಎಂಟನೆಯ ದಿನ ಬಾವಿಯ ಮೆಟ್ಟಿಲಲ್ಲಿ ಕೊಡದ ಸಮೇತ ಜಾರಿದಳು. ಬಲಗೈ ಮಣಿಕಟ್ಟು ಇವತ್ತಿಗೂ ನೆಟ್ಟಗಾಗಿಲ್ಲ.

ಮುಂದಿನದು ನಿಮಗೆ ಗೊತ್ತು. ಅಂಕಿ ಸೊನ್ನೆಗೆ ಬಂದ ದಿನ ನಾನು ಸಾಹೇಬರ ಮುಂದೆ ನಿಂತು, "ಎರಡೂ ಪೇಟೆಗೆ ಒಂದೊಂದು ಗಂಟೆ ಬಿಟ್ಟು ನೋಡೋಣ ಸಾರ್" ಅಂದೆ. ಸೊನ್ನೆಯಾದ ಮೇಲೂ ಹನ್ನೊಂದು ದಿನ ನೀರು ಬಂತು. ಹನ್ನೆರಡನೆಯ ದಿನ ಬೆಟ್ಟದಲ್ಲಿ ಮಳೆ. ಪವಾಡ ಎಂದಿರಿ. ಇದೇ ವೇದಿಕೆಯಲ್ಲಿ ನನಗೊಂದು ಗೋಡೆ ಗಡಿಯಾರ ಕೊಟ್ಟಿರಿ. ಮಾವ ಅದನ್ನು ಗೋಡೆಗೆ ಹಾಕಲು ಬಿಡಲಿಲ್ಲ. ಸಾಯುವವರೆಗೂ ದಿನಾ ಬೆಳಿಗ್ಗೆ ನನ್ನ ಮಗಳನ್ನು "ಏಳು ಪುಟ್ಟಿ, ಏಳು" ಎಂದು ಎಬ್ಬಿಸುತ್ತಿದ್ದರು, ಎಬ್ಬಿಸಿ ನನ್ನ ಮುಖ ನೋಡುತ್ತಿದ್ದರು. ಇಬ್ಬರೂ ಬೇರೆ ಕಡೆ ತಿರುಗಿಕೊಳ್ಳುತ್ತಿದ್ದೆವು.

ಮೇಡಂ, ಯಂತ್ರ ಬಂದ ಮೇಲೂ ಕೊನೆಯ ಒಂದಡಿಯನ್ನು ಮುಟ್ಟದೆ ಇಡಿ. ಆದರೆ ನನ್ನ ಹಾಗೆ ಮುಚ್ಚಿಡಬೇಡಿ. ಎರಡೂ ಪೇಟೆಯವರನ್ನು ಕೂರಿಸಿ, ಇಷ್ಟಿದೆ, ಇಷ್ಟನ್ನು ಉಳಿಸೋಣ ಎಂದು ಹೇಳಿ ಉಳಿಸಿ. ಜನ ಒಪ್ಪುತ್ತಾರೆ. ಬೀದಿಯ ಮಧ್ಯೆ ನಿಂತು ಒಪ್ಪಿಸುವವರೂ ಸಿಗುತ್ತಾರೆ.

ಅಕ್ಕ, ಅವತ್ತು ನೀನು ಕೇಳಿದ್ದಕ್ಕೆ ಇವತ್ತು ಉತ್ತರ ಹೇಳುತ್ತಿದ್ದೇನೆ. ನೀರಿತ್ತು. ನನಗೆ ಗೊತ್ತಿತ್ತು. ನಿನ್ನ ತಮ್ಮ ಸುಳ್ಳು ಹೇಳಿದ.

ಅಕ್ಕ ತಲೆ ಬಗ್ಗಿಸಿ ಎಡಗೈಯಲ್ಲಿ ಬಲ ಮಣಿಕಟ್ಟು ಹಿಡಿದುಕೊಂಡು ಕೂತಿದ್ದಾಳೆ. ನನ್ನ ಸಮಯ ಮುಗಿಯಿತು. ಅನ್ನ ಕೊಟ್ಟ ಇಲಾಖೆಗೆ, ಮೆಟ್ಟಿಲು ಇಳಿಯಲು ಕಲಿಸಿದ ಮಾವನಿಗೆ, ನನ್ನನ್ನು ನಂಬಿ ಬಾಯಾರಿದ ಕೆಳಗಿನ ಪೇಟೆಗೆ ವಂದನೆಗಳು, ಎಲ್ಲರಿಗೂ ನನ್ನ ನಮಸ್ಕಾರ.

ಏಳು ಅಕ್ಕ, ಏಳು. ಮನೆಗೆ ಹೋಗೋಣ. ಬೈಯೋದಿದ್ದರೆ ದಾರೀಲಿ ಬೈ.