ಗೋಪಾಲಮ್ಮನ ಕಾಲಿಗೆ ಕಟ್ಟಿದ್ದ ಹಳೇ ಸೀರೆ

ಮುನಿಕೆಂಪಮ್ಮ, ದಿವಂಗತ ದೊಡ್ಡಮುನಿಯಪ್ಪನವರ ಹೆಂಡತಿ, ವಯಸ್ಸು ಸುಮಾರು ಅರವತ್ತೈದು (ಹುಟ್ಟಿದ ದಿನ ಯಾರೂ ಬರೆದಿಟ್ಟಿಲ್ಲ), ಕಸುಬು ಸೊಪ್ಪು ಬೆಳೆದು ಮಾರುವುದು, ವಾಸ ಜಕ್ಕೂರು. ಯಲಹಂಕ ಪೊಲೀಸ್ ಠಾಣೆಯವರಿಗೆ ಈ ಮೂಲಕ ತಿಳಿಸುವುದೇನೆಂದರೆ:

ಗೋಪಾಲಮ್ಮ ನನ್ನ ಮಗಳು. ಅಮೃತಹಳ್ಳಿಯ ಆವಲಪ್ಪನಿಗೆ ಕೊಟ್ಟಿದೆ. ದಿನಾಂಕ 12-8-1963ನೇ ಸೋಮವಾರ ಆಸ್ಪತ್ರೆಯಲ್ಲಿ ಅವಳ ಗರ್ಭಕೋಶ ತೆಗೆದರು. ಮರುದಿನ ನರ್ಸ್ ಮರಿಯಮ್ಮ ಬಂದು, ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ನಡೆಯಬೇಕು, ನೀರು ಕುಡಿಯಬೇಕು ಎಂದು ಹೇಳಿ ಕಿಟಕಿಯವರೆಗೆ ನಡೆಸಿದಳು.

ಆಕೆ ಅತ್ತ ಹೋದ ಮೇಲೆ ಅಳಿಯನ ಅಕ್ಕ ಸೊಣ್ಣಮ್ಮ, ಇವಳು ಬಾಣಂತಿಗಿಂತ ಹಸಿ ಮೈಯವಳು, ಎದ್ರೆ ಒಟ್ಟೆ ಒಲಿಗೆ ಬಿಚ್ಚೋಯ್ತದೆ ಎಂದು ಹಳೇ ಸೀರೆ ಹರಿದು ಎರಡು ಕಾಲನ್ನೂ ಜೋಡಿಸಿ ಬಿಗಿದಳು. ನೀರಿನ ಚೊಂಬನ್ನು ಮಂಚದ ಕೆಳಗೆ ತಳ್ಳಿದಳು. ನಾನು ಬೇಡವೆಂದಿದ್ದಕ್ಕೆ, ಕೊಟ್ಟ ಎಣ್ಣು ಕುಲಕ್ಕೆ ಒರಗು ಅತ್ತೆಮ್ಮಾ, ಸುಮ್ಕಿರಿ ಎಂದಳು. ನಿನ್ ಕಾಲೇ ಕಟ್ಟಿ ನೋಡ್ಲಾ, ನಾಲಿಗೆಯಾದ್ರೂ ನಿಂತೀತು ಎಂದು ನಾನೂ ಅಂದೆ. ಮರಿಯಮ್ಮನಿಗೆ ಹೇಳಿದೆ. ಆಕೆ ಬಿಚ್ಚಿ ಬಿಸಾಡಿ ಬೈದು ಹೋದಳು. ನಾನು ಜಕ್ಕೂರಿಗೆ ಹೋಗಿ ಗಂಜಿ ತರುವಷ್ಟರಲ್ಲಿ ಕಂಬಳಿಯ ಕೆಳಗೆ ಮತ್ತೆ ಕಾಲು ಕಟ್ಟಿಯಾಗಿತ್ತು. ದಿನವೂ ಇದೇ ಆಯಿತು.

ಶನಿವಾರ ಬೆಳಗ್ಗೆ ಎಡಗಾಲು ತೊಡೆಯವರೆಗೆ ಬಾತು ಬಾಳೆದಿಂಡಿನಂತಾಗಿತ್ತು. ಡಾಕ್ಟರು ಆವಲಪ್ಪನನ್ನು ಕರೆದು, ಈ ಹೆಪ್ಪು ಎದೆಗೆ ಏರಿದರೆ ಜೀವ ಹೋಗುತ್ತದೆ, ಹೆಪ್ಪು ಬೆಳೆಯದಂತೆ ಇಂಜೆಕ್ಷನ್ ಕೊಟ್ಟರೆ ಹೊಲಿಗೆಯಲ್ಲಿ ರಕ್ತ ಒಸರಬಹುದು, ಒಸರಿದ್ದನ್ನು ನಾವು ನಿಲ್ಲಿಸಬಹುದು, ಎದೆಗೆ ಏರಿದ್ದನ್ನು ಇಳಿಸಲು ಬರುವುದಿಲ್ಲ ಎಂದರು. ಆವಲಪ್ಪ ಒಪ್ಪಿಗೆ ಕಾಗದಕ್ಕೆ ರುಜು ಹಾಕಿದ, ಮರಿಯಮ್ಮ ಇಂಜೆಕ್ಷನ್ ಕೊಟ್ಟಳು. ನಾನು ಪಕ್ಕದಲ್ಲೇ ಇದ್ದೆ.

ಭಾನುವಾರ ಬೆಳಗ್ಗೆ ಏಳು ಗಂಟೆಗೆ ಹೊಲಿಗೆಯಿಂದ ರಕ್ತ ಬಂತು. ಡಾಕ್ಟರು ಬರುವವರೆಗೂ ಮರಿಯಮ್ಮ ಎರಡೂ ಅಂಗೈಯಲ್ಲಿ ಒತ್ತಿ ಹಿಡಿದಿದ್ದಳು. ಸೊಣ್ಣಮ್ಮ ಬಾಗಿಲಲ್ಲಿ ನಿಂತು ಎದೆ ಬಡಿದುಕೊಂಡಳು, ಅದೊಂದು ಕೆಲಸ ಅವಳಿಗೆ ಚೆನ್ನಾಗಿ ಬರುತ್ತದೆ. ಇಂಜೆಕ್ಷನ್ ನಿಲ್ಲಿಸಿದರು, ಮಧ್ಯಾಹ್ನಕ್ಕೆ ರಕ್ತ ನಿಂತಿತು.

ನರ್ಸು ತಪ್ಪು ಮದ್ದು ಚುಚ್ಚಿದಳು, ಅವಳ ಬಟ್ಟೆಯ ಮೇಲಿನ ರಕ್ತವೇ ಸಾಕ್ಷಿ ಎಂದು ಆವಲಪ್ಪ ತಮ್ಮಲ್ಲಿ ದೂರು ಬರೆಸಿದ್ದಾನೆ. ಒತ್ತಿ ಹಿಡಿದವಳ ಬಟ್ಟೆಗೆ ರಕ್ತವಾಗದೆ ಗಂಧವಾಗುತ್ತದೆಯೇ? ದೂರಿನಿಂದಾಗಿ ಮರಿಯಮ್ಮನನ್ನು ವಾರ್ಡಿನಿಂದ ಹೊರಗಿಟ್ಟಿದ್ದಾರೆ.

ಕಾಲಿನ ಬಾವು ಇಳಿದಿಲ್ಲ. ಇಂದು ಸಂಜೆಯೊಳಗೆ ಕಡಿಮೆ ಅಳತೆಯಲ್ಲಿ ಮತ್ತೆ ಇಂಜೆಕ್ಷನ್ ಶುರುಮಾಡಬೇಕು ಎಂದು ಡಾಕ್ಟರು ಹೇಳಿದ್ದಾರೆ. ಆವಲಪ್ಪ ರುಜು ಹಾಕುವುದಿಲ್ಲ ಎನ್ನುತ್ತಾನೆ. ಗಂಡ ಬೇಡವೆಂದ ಮೇಲೆ ನನ್ನ ಮಗಳು ಬಾಯಿ ಬಿಡುವುದಿಲ್ಲ, ಗೋಡೆ ನೋಡಿಕೊಂಡು ಮಲಗಿದ್ದಾಳೆ. ನನಗೂ ಕೂಗಾಡಿ ಸಾಕಾಗಿದೆ.

ಕಾಲಿಗೆ ಕಟ್ಟಿದ್ದ ಸೀರೆಯನ್ನು ಹಾಜರುಪಡಿಸಿದ್ದೇನೆ. ಶನಿವಾರ ಪಕ್ಕದಲ್ಲಿ ಕತ್ತರಿಸಿ ತೆಗೆದದ್ದು, ಗಂಟು ಸೊಣ್ಣಮ್ಮನದು, ಹಾಗೇ ಇದೆ.

ಬರೆದದ್ದನ್ನು ಓದಿ ಹೇಳಿದರು. ನಾನು ಕಂಡಂತೆಯೇ ಇದೆ, ಕೂಡಿಸಿದ್ದಿಲ್ಲ, ಬಿಟ್ಟದ್ದಿಲ್ಲ. ಹೆಬ್ಬೆಟ್ಟು ಬೇಡ, ಎರಡನೇ ಕ್ಲಾಸು ಓದಿದ್ದೇನೆ. ಡಾಕ್ಟರ ಕಾಗದಕ್ಕೆ ಹೆತ್ತವಳ ರುಜು ನಡೆಯುವುದಾದರೆ ಅದಕ್ಕೂ ಇದನ್ನೇ ಹಾಕುತ್ತೇನೆ. ಬೇಗ ಡಾಕ್ಟರನ್ನು ಕೇಳಿ ಹೇಳಿ, ಹೊತ್ತು ಇಳಿಯುತ್ತಿದೆ.

ಸ್ಥಳ: ಯಲಹಂಕ
ದಿನಾಂಕ: 19-8-1963
(ರುಜು) ಮುನಿಕೆಂಪಮ್ಮ