ಹನ್ನೊಂದನೇ ಬೆಡ್ಡಿನ ಪೇಷೆಂಟು

ಈ ಬೀಳ್ಕೊಡುಗೆ ಸಭೆಯ ಅಧ್ಯಕ್ಷರಾದ ಪ್ರಾಂಶುಪಾಲರೇ, ಆಸ್ಪತ್ರೆಯಿಂದ ಬಿಡುವು ಮಾಡಿಕೊಂಡು ಬಂದಿರುವ ವೈದ್ಯರೇ, ಸಹೋದ್ಯೋಗಿಗಳೇ, ಮುಂದಿನ ಸಾಲು ಖಾಲಿ ಬಿಟ್ಟು ಹಿಂದೆ ಒತ್ತಿಕೊಂಡು ಕುಳಿತಿರುವ ನನ್ನ ನರ್ಸಿಂಗ್ ವಿದ್ಯಾರ್ಥಿನಿಯರೇ, ಸಭಿಕರೇ,

ಕುಳಿತೇ ಮಾತಾಡಿ ಎಂದು ಅಧ್ಯಕ್ಷರು ಕುರ್ಚಿ ಹಾಕಿಸಿದ್ದಾರೆ. ಬೇಡ. ಮೂವತ್ತೊಂದು ವರ್ಷ ನಿಂತೇ ಪಾಠ ಮಾಡಿದವಳು ನಾನು, ಕುಳಿತರೆ ಮಾತು ಮರೆತುಹೋಗುತ್ತದೆ. ಅಲ್ಲದೆ ಇವತ್ತು ಬೆಳಗಿನಿಂದ ಒಂದು ಕಡೆ ಕೂರಲು ಆಗುತ್ತಲೇ ಇಲ್ಲ. ಮೈಕು ಕಿರುಗುಟ್ಟಿದರೆ ಕ್ಷಮಿಸಿ.

ಇಷ್ಟು ಹೊತ್ತು ನನ್ನ ಬಗ್ಗೆ ಒಳ್ಳೆಯ ಮಾತು ಆಡಿದಿರಿ. ಶಿಸ್ತು ಎಂದಿರಿ, ತಾಯಿ ಎಂದಿರಿ. ಬೆಡ್‌ಶೀಟಿನ ಮೂಲೆ ಮಡಿಸುವುದನ್ನು ನನ್ನಷ್ಟು ಚೆನ್ನಾಗಿ ಕಲಿಸಿದವರಿಲ್ಲ ಎಂದಿರಿ. ಅದು ನಿಜ. ಆದರೆ ಸಂತಾನೋತ್ಪತ್ತಿ ಅಂಗಗಳ ಪಾಠ ಬಂದಾಗ ನಾನು ಏನು ಮಾಡುತ್ತಿದ್ದೆ? ಯಾರಾದರೂ ಹೇಳುತ್ತೀರಾ? ಹಿಂದಿನವರು ನಗುತ್ತಿದ್ದೀರಿ. "ಇದನ್ನ ನೀವೇ ಓದ್ಕೊಳ್ಳಿ, ಪರೀಕ್ಷೆಗೆ ಚಿತ್ರ ಮಾತ್ರ ಬರುತ್ತೆ" ಎನ್ನುತ್ತಿದ್ದೆ. ಚಿತ್ರದಲ್ಲಿ ಭಾಗಗಳನ್ನು ಗುರುತಿಸುವುದರಲ್ಲಿ ನಮ್ಮ ಕಾಲೇಜನ್ನು ಮೀರಿಸುವವರಿಲ್ಲ. ಅದಕ್ಕಿಂತ ಹೆಚ್ಚು ಕೇಳಬೇಡಿ.

ಹೋದ ತಿಂಗಳು ನಮ್ಮ ಹೊಸ ಮೇಡಂ, ಅಲ್ಲಿ ಕಂಬದ ಪಕ್ಕ ಕುಳಿತಿದ್ದಾರೆ, ಲೈಂಗಿಕ ಆರೋಗ್ಯದ ಬಗ್ಗೆ ಒಂದು ಪ್ರಶ್ನಾವಳಿ ಹಂಚಿದರು. ಹೆಸರು ಬರೆಯಬೇಕಿರಲಿಲ್ಲ. ಅರವತ್ತೆರಡು ಮಂದಿ ತುಂಬಿದಿರಿ. ಸೋಂಕು ತಗುಲದಿರಲು ಏನು ಮಾಡಬೇಕೆಂದು ಕೇಳಿದ್ದಕ್ಕೆ ಮೂವತ್ತೆಂಟು ಮಂದಿ ಏನು ಬರೆದಿರಿ? ವಾರ್ಡಿನ ಆಂಟಿಸೆಪ್ಟಿಕ್‌ಗೆ ನೀರು ಬೆರೆಸಿ ಒಳಗೆ ತೊಳೆದುಕೊಳ್ಳಬೇಕು! ಬೇರೆ ಯಾವ ಕಾಲೇಜಿನ ಹುಡುಗಿಯರಿಗೂ ಈ ತಪ್ಪು ಹೊಳೆಯಲಾರದು. ಬಾಟಲಿ ಕೈಗೆಟಕುವುದು ನಮಗೆ, ಗಾಯ ತೊಳೆಯಲು ಕಲಿತವರೂ ನಾವೇ. ಓದಿದ್ದೇ ನಮಗೆ ಮುಳುವಾಯಿತು.

ಆ ಪ್ರಶ್ನಾವಳಿಯಿಂದ ಕಾಲೇಜಿನ ಮಾನ ಹೋಯಿತೆಂದು ಒಂದು ಸಮಿತಿಯಾಯಿತು. ಹೊಸ ಮೇಡಂ ಅವರನ್ನು ಕೆಲಸದಿಂದ ತೆಗೆಯಬೇಕೆಂದು ಸಮಿತಿ ವರದಿ ಬರೆಯಿತು. ನಾಳೆ ಆಡಳಿತ ಮಂಡಳಿ ಅದನ್ನು ಒಪ್ಪಲಿದೆ. ಅದರಲ್ಲಿ ಮೊದಲ ಸಹಿ ನನ್ನದು.

ಸ್ವಲ್ಪ ನೀರು ಕೊಡಿ.

ಇದನ್ನೆಲ್ಲ ಹೇಳಬೇಕೆಂದು ಬಂದಿರಲಿಲ್ಲ ನಾನು. ಬರೆದುಕೊಂಡು ಬಂದದ್ದು ಗ್ರಂಥಾಲಯದ ಬಗ್ಗೆ. ಇರಲಿ ಬಿಡಿ.

ನಮ್ಮಲ್ಲಿ ಒಂದು ರೂಢಿಯಿದೆ. ಯಾವ ಹುಡುಗಿಯೂ ತನ್ನ ಮೈಯ ಸಂಕಟವನ್ನು ತನ್ನದೆಂದು ಕೇಳುವುದಿಲ್ಲ, ಪೇಷೆಂಟಿನ ಹೆಸರಲ್ಲಿ ಕೇಳುತ್ತಾಳೆ. ವರ್ಷಗಳ ಹಿಂದೆ ಮೂರನೇ ವರ್ಷದ ಒಬ್ಬಳು ತರಗತಿಯಲ್ಲಿ ಎದ್ದು ನಿಂತು, "ಮೇಡಂ, ಹನ್ನೊಂದನೇ ಬೆಡ್ಡಿನ ಪೇಷೆಂಟು ಕೇಳ್ತಿದ್ರು. ಬಿಳಿ ಹೋಗ್ತಿದ್ರೆ ಆಂಟಿಸೆಪ್ಟಿಕ್ ಹಾಕಿ ತೊಳ್ಕೋಬಹುದಾ ಅಂತ. ಕೆಳಹೊಟ್ಟೆ ನೋವೂ ಇದೆಯಂತೆ" ಎಂದಳು. ನಮ್ಮ ಮಹಿಳಾ ವಾರ್ಡಿನಲ್ಲಿ ಆಗ ಇದ್ದದ್ದು ಹತ್ತೇ ಬೆಡ್ಡು. "ಹನ್ನೊಂದನೇ ಬೆಡ್ಡು ನಿಮ್ಮ ಹಾಸ್ಟೆಲಲ್ಲಿ ಇರ್ಬೇಕು ಕಣಮ್ಮ" ಎಂದೆ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಅವಳೂ ನಕ್ಕಳು. ಇಪ್ಪತ್ತು ದಿನಗಳ ಬಳಿಕ ಮೈ ಕೆಂಡವಾಗಿದ್ದ ಅವಳನ್ನು ಸ್ಟ್ರೆಚರಿನ ಮೇಲೆ ಅದೇ ವಾರ್ಡಿಗೆ ತಂದರು. ಸೋಂಕು ಗರ್ಭನಾಳಕ್ಕೆ ಏರಿ ಕೀವಾಗಿತ್ತು. ಆಪರೇಷನ್ ಆಗಿ ಜೀವ ಉಳಿಯಿತು. ಅವಳು ಯಾರೆಂದು ಹೇಳುವುದಿಲ್ಲ, ನೀವು ಊಹಿಸಲೂ ಬೇಡಿ.

ಅವತ್ತು ನನಗೆ ಉತ್ತರ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪುಸ್ತಕದಿಂದಲ್ಲ. ಮದುವೆಯಾದ ಹೊಸತರಲ್ಲಿ ಇದೇ ತೊಂದರೆ ಬಂದಾಗ ವಾರ್ಡಿನ ಬಾಟಲಿ ತಂದು, ಅಳತೆ ನೋಡಿ ಬೆರೆಸಿ, ಬಚ್ಚಲಿನ ಬಾಗಿಲು ಹಾಕಿಕೊಂಡು ನಾನೂ ಅದನ್ನೇ ಮಾಡಿದವಳು. ಗಂಡನಿಗೆ ಹೇಳಲಿಲ್ಲ, ಡಾಕ್ಟರಿಗೆ ತೋರಿಸಲಿಲ್ಲ. ನರ್ಸಾಗಿ ಇಷ್ಟೂ ತಿಳಿಯದೇ ಎಂದುಬಿಟ್ಟರೆ? ತೋರಿಸುವ ಹೊತ್ತಿಗೆ ಎರಡೂ ಗರ್ಭನಾಳಗಳು ಮುಚ್ಚಿದ್ದವು. ತೊಳೆದದ್ದರಿಂದಲೇ ಎಂದು ಯಾರೂ ಆಣೆ ಮಾಡಿ ಹೇಳಲಾರರು. ಆದರೆ ಬೇಗ ತೋರಿಸಿದ್ದರೆ ಉಳಿಯುತ್ತಿದ್ದವೇನೋ ಎಂದು ಡಾಕ್ಟರು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಅತ್ತೆ ಮೊಮ್ಮಕ್ಕಳ ಮಾತೆತ್ತಿದಾಗಲೆಲ್ಲ ನನ್ನವರು, "ಅವಳಿಗೆ ಕಾಲೇಜು ತುಂಬ ಮಕ್ಕಳಿದ್ದಾರಲ್ಲಮ್ಮ" ಎಂದು ಮಾತು ಮರೆಸುತ್ತಿದ್ದರು. ಕಾರಣ ತಿಳಿಯದೆಯೇ ಅವರು ತೀರಿಕೊಂಡರು. ಹೇಳದೆ ಉಳಿಸಿಕೊಂಡೆನಲ್ಲ, ಅದಕ್ಕೆ ನನ್ನನ್ನು ನಾನು ಕ್ಷಮಿಸಿಲ್ಲ.

ಆ ಹುಡುಗಿಗೆ ನಿಜ ಹೇಳಿದರೆ, "ನಿಮಗೆ ಹೇಗೆ ಗೊತ್ತು ಮೇಡಂ?" ಎಂದು ಕೇಳಿಬಿಟ್ಟಾಳೆಂದು ಹೆದರಿದೆ. ಅದಕ್ಕೇ ಎಲ್ಲರನ್ನೂ ನಗಿಸಿದೆ. ವರದಿಗೆ ಸಹಿ ಹಾಕಿಸಿದ್ದೂ ಅದೇ ಹೆದರಿಕೆ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಮುಗಿಸುತ್ತೇನೆ ಸರ್. ವರದಿಯಿಂದ ನನ್ನ ಸಹಿ ತೆಗೆಯಿರಿ. ತೆಗೆಯಲು ಬರುವುದಿಲ್ಲವೆಂದರೆ ಇಲ್ಲಿ ಹೇಳಿದ್ದನ್ನೆಲ್ಲ ಅದರ ಕೆಳಗೆ ಬರೆಸಿ, ಅದಕ್ಕೂ ಸಹಿ ಹಾಕುತ್ತೇನೆ. ಸಂಜೆ ಐದರವರೆಗೆ ನಾನಿನ್ನೂ ಈ ಕಾಲೇಜಿನವಳೇ.

ಹುಡುಗಿಯರೇ, ಪೆನ್ನು ತೆಗೆಯಿರಿ. ಒಳಗೆ ಏನನ್ನೂ ಹಾಕಿ ತೊಳೆಯಬೇಡಿ. ಅದು ಸೋಂಕನ್ನು ತಡೆಯುವುದಿಲ್ಲ, ಮೇಲಕ್ಕೆ ತಳ್ಳಬಹುದು. ತಡೆಯುವುದು ಕಾಂಡೋಮ್. ಕೆಳಹೊಟ್ಟೆ ನೋವು, ಜ್ವರ, ಕೆಟ್ಟ ವಾಸನೆಯ ಸ್ರಾವ ಇದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಸಂಗಾತಿಗೂ ಪರೀಕ್ಷೆ ಮಾಡಿಸಿ. ಏನೂ ತೊಂದರೆ ಕಾಣದಿದ್ದರೂ ಸೋಂಕು ಇರಬಹುದು.

ಅಷ್ಟೇ. ಒಂದು ನಿಮಿಷವೂ ಹಿಡಿಯಲಿಲ್ಲ ನೋಡಿ.

ಕೊನೆಯ ದಿನವಾದರೂ ಈ ಪಾಠ ಮಾಡಲು ಬಿಟ್ಟ ನಿಮಗೆಲ್ಲ ನನ್ನ ಕೃತಜ್ಞತೆ. ನಮಸ್ಕಾರ.