ಗರಿಗರಿ ಕೋಳಿ ಕರಿಯಲು ಎಣ್ಣೆ ಇಟ್ಟು, ಬೀಗ ಹಾಕಿಕೊಂಡು ಹೊರಗೆ ಹೋದ ಬಗ್ಗೆ

ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು ನಲವತ್ನಾಲ್ಕು, ಬಸ್ ಡಿಪೋದಲ್ಲಿ ಸಮಯಪಾಲಕನ ಕೆಲಸ, ವಾಸ ಮೂರನೇ ಅಡ್ಡರಸ್ತೆಯ ಸಾಲುಮನೆಗಳಲ್ಲಿ ಆರನೆಯದು, ಇಂದು ಭಾನುವಾರ ಮಧ್ಯಾಹ್ನ 2 ಗಂಟೆ 20 ನಿಮಿಷಕ್ಕೆ ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಮನೆಯಲ್ಲಿ ನಾನು, ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನ್ನ ಹೆಂಡತಿ, ಹತ್ತು ವರ್ಷದ ಮಗಳು ಮತ್ತು ನನ್ನ ಹೆಂಡತಿಯ ತಾಯಿ ಇದ್ದೇವೆ. ಅತ್ತೆಗೆ ಎಪ್ಪತ್ತೆರಡು ವರ್ಷ. ಐದು ವಾರದ ಹಿಂದೆ ಕಾಲು ಮುರಿದು ಪ್ಲಾಸ್ಟರ್ ಹಾಕಿದೆ. ಕನ್ನಡಕವಿಲ್ಲದೆ ಕಣ್ಣು ಕಾಣುವುದಿಲ್ಲ, ಯಂತ್ರವಿಲ್ಲದೆ ಕಿವಿ ಕೇಳುವುದಿಲ್ಲ. ನಾಲಿಗೆಗೆ ಯಾವ ತೊಂದರೆಯೂ ಇಲ್ಲ.

ನಾನು ಕಳೆದ ಮೂರು ಭಾನುವಾರಗಳಿಂದ ಅಂಗಡಿಯಲ್ಲಿ ಸಿಗುವಂಥ ಗರಿಗರಿ ಕೋಳಿಯನ್ನು ಮನೆಯಲ್ಲಿ ಮಾಡಲು ಪ್ರಯತ್ನಿಸುತ್ತಿದ್ದೇನೆ. ಮೊದಲ ವಾರ ಹೊರಗೆ ಕಪ್ಪಾಗಿ ಒಳಗೆ ಹಸಿಯಾಗಿತ್ತು. ಎರಡನೇ ವಾರ ಹಿಟ್ಟೆಲ್ಲ ಕಳಚಿ ಬಾಣಲೆಯ ತಳ ಸೇರಿತು. ಮೂರನೇ ವಾರ ಮಗಳು ಒಂದು ತುಂಡು ಕಚ್ಚಿ, ಒದ್ದೆ ಕಾಲುಚೀಲದ ಹಾಗಿದೆ ಎಂದಳು. ಇದು ನನ್ನ ಮನಸ್ಸಿಗೆ ನಾಟಿತ್ತು. ಈ ಸಲ ಎಂಟು ತುಂಡುಗಳನ್ನು ನಿನ್ನೆ ಸಂಜೆ 6 ಗಂಟೆಗೇ ಉಪ್ಪು ಹಾಕಿದ ಮಜ್ಜಿಗೆಯಲ್ಲಿ ನೆನೆಸಿದ್ದೆ.

ಇಂದು ಬೆಳಿಗ್ಗೆ 11:40ಕ್ಕೆ ಒಂದೂವರೆ ಲೀಟರ್ ಎಣ್ಣೆಯನ್ನು ಬಾಣಲೆಗೆ ಸುರಿದು ಒಲೆ ಹಚ್ಚಿದೆ. ಹೆಂಡತಿ ಕೆಲಸಕ್ಕೆ, ಮಗಳು ಈಜು ತರಗತಿಗೆ ಹೋಗಿದ್ದರು. ಅತ್ತೆ ಹಿಂದಿನ ಕೋಣೆಯಲ್ಲಿ ಮಲಗಿದ್ದರು. ಆಗ ಮೈದಾಗೆ ಬೆರೆಸಬೇಕಾದ ಕಾರ್ನ್‌ಫ್ಲೋರ್ ಎರಡು ಚಮಚ ಮಾತ್ರ ಉಳಿದಿರುವುದು ಕಂಡಿತು. ಅಂಗಡಿ ಮನೆಯಿಂದ 140 ಮೀಟರ್. ಹೋಗಿ ಬರಲು ನಾಲ್ಕು ನಿಮಿಷ ಸಾಕೆಂದು ಲೆಕ್ಕ ಹಾಕಿ, ಉರಿಯನ್ನು ಸ್ವಲ್ಪ ತಗ್ಗಿಸಿ, ಹಿತ್ತಲ ಬಾಗಿಲಿನ ಚಿಲಕ ನೋಡಿ, ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಕೊಂಡು 11:48ಕ್ಕೆ ಹೊರಟೆ. ಒಲೆ ಉರಿಯುತ್ತಿರುವುದೂ ಅತ್ತೆ ಒಳಗಿರುವುದೂ ನನಗೆ ಗೊತ್ತಿತ್ತು.

ಆ ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಇರಲಿಲ್ಲ. ಅಲ್ಲಿಂದಲೇ ವಾಪಸಾಗಬೇಕಿತ್ತು. ಹಾಗೆ ಮಾಡದೆ 600 ಮೀಟರ್ ದೂರದ ಇನ್ನೊಂದು ಅಂಗಡಿಗೆ ಹೋದೆ. ಅಲ್ಲಿ ನಮ್ಮ ಡಿಪೋದ ಒಬ್ಬ ಚಾಲಕ ಸಿಕ್ಕಿ, ರಜೆ ದಿನ ಏನು ವಿಶೇಷ ಎಂದು ಕೇಳಿದ. ಒಣ ಹಿಟ್ಟಿಗೆ ಮೂರು ಚಮಚ ಮಜ್ಜಿಗೆ ಚಿಮುಕಿಸಿ ಬೆರಳಲ್ಲಿ ಉದುರಿಸಿದರೆ ಮೇಲೆ ಗರಿಗರಿ ಪದರ ಏಳುತ್ತದೆ, ಹಿಟ್ಟು ಹಚ್ಚಿದ ಮೇಲೆ ಕಾಲು ಗಂಟೆ ಬಿಟ್ಟರೆ ಅದು ಕಳಚುವುದಿಲ್ಲ ಎಂದೆಲ್ಲ ವಿವರಿಸಿದೆ. ವಿವರಣೆಗೆ ಹನ್ನೊಂದು ನಿಮಿಷ ಹಿಡಿಯಿತು. ಅವನಿಗೆ ಹೋಗುವ ಅವಸರವಿತ್ತು, ನಾನೇ ಹಿಡಿದು ನಿಲ್ಲಿಸಿಕೊಂಡಿದ್ದೆ.

ನಾನು 12:31ಕ್ಕೆ ನಮ್ಮ ರಸ್ತೆಗೆ ತಿರುಗಿದಾಗ ಮನೆಯ ಮುಂದೆ ಸುಮಾರು ಇಪ್ಪತ್ತು ಜನ ಮತ್ತು ಪೊಲೀಸ್ ವಾಹನ ಇತ್ತು. ಮುಂಬಾಗಿಲು ಬೀಗದ ಕಡೆಯಿಂದ ಸೀಳಿತ್ತು. ಅತ್ತೆ ಎದುರು ಮನೆಯ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತು, ಕಳ್ಳ, ಕಳ್ಳ ಎಂದು ಕೂಗುತ್ತಿದ್ದರು. ಅವರು ಕೂಗುತ್ತಿರುವುದು ಕೇಳಿ ನನಗೆ ಜೀವ ಬಂತು. ಅವರ ಪಕ್ಕದಲ್ಲಿ ನಮ್ಮ ಪಕ್ಕದ ಮನೆಯ ಬಡಗಿ ಹಾರೆ ಹಿಡಿದು ನಿಂತಿದ್ದರು. ಅವರ ಅಂಗಿಯ ತೋಳು ಸುಟ್ಟಿತ್ತು, ಎಡ ಅಂಗೈ ಮೇಲೆ ಬೊಬ್ಬೆ ಎದ್ದಿತ್ತು.

ಬಡಗಿಗೂ ನನಗೂ ಎರಡು ವರ್ಷದಿಂದ ಮಾತಿಲ್ಲ. ಅವರು ಮನೆಯಲ್ಲಿ ಮರ ಕೊಯ್ಯುವ ಸದ್ದಿನ ಬಗ್ಗೆ ನಾನು ಇದೇ ಠಾಣೆಗೆ ಲಿಖಿತ ದೂರು ಕೊಟ್ಟಿದ್ದೆ.

ದಾರಿಯಲ್ಲಿ ಹೋಗುತ್ತಿದ್ದ ಮಹಿಳೆಯೊಬ್ಬರು, ಒಬ್ಬ ವ್ಯಕ್ತಿ ಬೀಗ ಒಡೆದು ಕೂಗಾಡುತ್ತಿರುವ ಮುದುಕಿಯನ್ನು ಹೊತ್ತೊಯ್ಯುತ್ತಿದ್ದಾನೆ ಎಂದು ಫೋನ್ ಮಾಡಿದ್ದರೆಂದು ಪೇದೆ ತಿಳಿಸಿದರು. ಹೊಗೆ ಕಂಡು ತಾನು ಬಾಗಿಲು ಒಡೆದು ಒಳಗೆ ಹೋದಾಗ ಬಾಣಲೆ ಹೊತ್ತಿ ಉರಿಯುತ್ತಿತ್ತು, ಅದರ ಮೇಲೆ ದೊಡ್ಡ ತಟ್ಟೆ ಮುಚ್ಚಿ ಗ್ಯಾಸ್ ಬಂದ್ ಮಾಡಿದೆ ಎಂದು ಬಡಗಿ ಹೇಳಿದರು. ಪೇದೆ ನನ್ನ ಕಡೆ ತಿರುಗಿ, ಹೊರಡುವಾಗ ಒಲೆ ಆರಿಸಿದ್ದಿರಾ ಎಂದು ಕೇಳಿದರು. ಆರಿಸಿದ್ದೆ ಎಂದೆ. ಇಬ್ಬರ ನಡುವೆ ಹಳೆಯ ದ್ವೇಷ ಏನಾದರೂ ಇದೆಯೇ ಎಂದು ಕೇಳಿದರು. ಇದೆ ಎಂದೆ.

ಇಪ್ಪತ್ತು ಜನರ ಎದುರು, ಕಾಲು ಮುರಿದ ಮುದುಕಿಯನ್ನು ಬೆಂಕಿಯ ಜೊತೆ ಕೂಡಿಹಾಕಿ ಹೋಗಿದ್ದೆ ಎನ್ನಲು ನನಗೆ ಬಾಯಿ ಬರಲಿಲ್ಲ. ಇಪ್ಪತ್ತೊಂದು ವರ್ಷದಿಂದ ನಾನು ಬೇರೆಯವರು ತಡ ಮಾಡಿದ್ದನ್ನು ನಿಮಿಷಕ್ಕೆ ಸರಿಯಾಗಿ ಪುಸ್ತಕದಲ್ಲಿ ಬರೆದವನು. ಬಡಗಿ ನನ್ನನ್ನು ಒಂದು ಸಲ ನೋಡಿದರು. 12:45ಕ್ಕೆ ಅವರನ್ನು ವಾಹನದಲ್ಲಿ ಕರೆದುಕೊಂಡು ಹೋದರು. ಅವರ ಹೆಂಡತಿ ತಮ್ಮ ಮನೆಯ ಗೇಟಿನ ತನಕ ಬಂದು ಅಲ್ಲೇ ನಿಂತಿದ್ದರು.

ನನ್ನ ಹೆಂಡತಿ ಮಗಳನ್ನು ಕರೆದುಕೊಂಡು 1:35ಕ್ಕೆ ಬಂದಳು. ಮೊದಲು ಅತ್ತೆಯ ಕನ್ನಡಕ ಮತ್ತು ಕಿವಿಯ ಯಂತ್ರ ಹುಡುಕಿ ಹಾಕಿದಳು. ಕಳ್ಳ ಯಾವಾಗ ಬಂದ ಎಂದು ಕೇಳಿದಳು. ಅತ್ತೆ ಹೇಳಿದ್ದು ಹೀಗೆ: "ಮೊದ್ಲು ಹೊಗೆ ಬಂತು. ತುಂಬಾ ಹೊತ್ತು ಬಂತು. ಅಳಿಯಂದ್ರು ಅಡುಗೆ ಮಾಡ್ತಿದಾರೆ ಅಂದ್ಕೊಂಡು ಸುಮ್ನಿದ್ದೆ. ಆಮೇಲೆ ಅವನು ಬಂದು ನನ್ನ ಎತ್ಕೊಂಡ." ತನ್ನನ್ನು ಹೊತ್ತವನ ಬೆನ್ನಿಗೆ ಮುಷ್ಟಿಯಿಂದ ಗುದ್ದಿದ್ದಾಗಿಯೂ, ಅವನು ಮಾತ್ರ ಪ್ಲಾಸ್ಟರ್ ಹಾಕಿದ ಕಾಲನ್ನು ಎಲ್ಲೂ ತಾಗಿಸಲಿಲ್ಲವೆಂದೂ ಹೇಳಿದರು. ಹೊತ್ತವರು ಬಡಗಿ ಎಂದು ತಿಳಿದಾಗ ಅತ್ತೆ ತಲೆ ತಗ್ಗಿಸಿ ತಮ್ಮ ಕೈಯನ್ನೇ ನೋಡಿಕೊಂಡರು.

ಹೆಂಡತಿ ಅಡುಗೆಮನೆಗೆ ಹೋಗಿ ಚಾವಣಿಯ ಮಸಿ ನೋಡಿ ಬಂದಳು. "ಒಲೆ ಆರಿಸಿದ್ರಾ?" ಎಂದು ಕೇಳಿದಳು. "ಇಲ್ಲ" ಎಂದೆ. ನನ್ನ ಚಪ್ಪಲಿಗಳನ್ನು ತಂದು ಕಾಲ ಮುಂದೆ ಇಟ್ಟಳು. ಮನೆಯಿಂದ ಠಾಣೆಗೆ ಒಂದೂವರೆ ಕಿಲೋಮೀಟರ್, ನಡೆದೇ ಬಂದೆ.

ಬಡಗಿ ಗೋಡೆಯ ಪಕ್ಕದ ಬೆಂಚಿನ ಮೇಲೆ, ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತು, "ಅಜ್ಜಿಗೇನೂ ಆಗಿಲ್ಲ ತಾನೆ?" ಎಂದು ಕೇಳಿದರು. ಎರಡು ವರ್ಷದಲ್ಲಿ ಅವರು ನನ್ನೊಂದಿಗೆ ಆಡಿದ ಮೊದಲ ಮಾತು ಇದು. ಆಗಿಲ್ಲ, ಒಲೆ ನಾನೇ ಹಚ್ಚಿಟ್ಟು ಹೋಗಿದ್ದೆ ಎಂದೆ. "ಗೊತ್ತು," ಎಂದರು. "ನಿಮಗೆ ಗೊತ್ತಾ ಅಂತ ನೋಡ್ತಿದ್ದೆ." ನನಗೆ ಅಳು ಬಂತು. ಹೇಳಿಕೆ ಬರೆದುಕೊಳ್ಳುವ ಠಾಣೆಯ ಬರಹಗಾರರು ಕುರ್ಚಿ ಕೊಟ್ಟು, ಲೋಟದಲ್ಲಿ ನೀರು ಕೊಟ್ಟರು.

ಆದ್ದರಿಂದ ಬಡಗಿಯವರ ಮೇಲೆ ನನ್ನ ಯಾವ ದೂರೂ ಇಲ್ಲ. ಅವರು ಒಡೆಯದೆ ಹೋಗಿದ್ದರೆ ನಾನು ಇಂದು ಇದೇ ಕುರ್ಚಿಯಲ್ಲಿ ಕೂತು ಬೇರೆಯೇ ಹೇಳಿಕೆ ಬರೆಸಬೇಕಿತ್ತು. ಪೇದೆಗೆ ಸುಳ್ಳು ಹೇಳಿದ್ದಕ್ಕೆ ಕಾನೂನಿನಂತೆ ಏನು ಕ್ರಮವೋ ಅದಕ್ಕೆ ಬದ್ಧನಿದ್ದೇನೆ. ಹಾಗಿದ್ದರೂ, ಮಧ್ಯಾಹ್ನ 12:45ರಿಂದ ಎದೆ ಮೇಲಿದ್ದ ಕಲ್ಲು ಈಗಿಲ್ಲ ಎಂಬುದನ್ನೂ ಬರೆದುಕೊಳ್ಳಬೇಕೆಂದು ಕೇಳಿಕೊಂಡೆ. ಅದು ಹೇಳಿಕೆಗೆ ಸೇರುವುದಿಲ್ಲ ಎಂದರೂ ಬರಹಗಾರರು ಬರೆದುಕೊಂಡಿದ್ದಾರೆ.

ಬರೆದ ಹೇಳಿಕೆಯನ್ನು ನನಗೆ ಓದಿ ಹೇಳಿದರು. "ಗಮನಕ್ಕೆ ಬಾರದೆ ಒಲೆ ಉರಿಯುತ್ತಿತ್ತು" ಎಂದಿದ್ದ ಕಡೆ ಹೊಡೆದುಹಾಕಿ "ನನಗೆ ಗೊತ್ತಿತ್ತು" ಎಂದು ತಿದ್ದಿಸಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ನಿಜವಾಗಿದೆ. ಸಹಿ ಹಾಕಿದ ನಂತರ ಬಡಗಿಯವರನ್ನು ಬಿಡುವುದಾಗಿ ಹೇಳಿದರು. ಮೊದಲು ಅವರನ್ನು ಕಳಿಸಿ, ನಾನು ಎಲ್ಲಿಗೂ ಹೋಗುವುದಿಲ್ಲ ಎಂದು ಬೇಡಿಕೊಂಡೆ, ಒಪ್ಪಿದರು. ಬಡಗಿ ಠಾಣೆಯ ಗೇಟು ದಾಟಿ, ಅಲ್ಲಿಗೆ ಬಂದು ಕಾಯುತ್ತಿದ್ದ ತಮ್ಮ ಹೆಂಡತಿಯ ಜೊತೆ ರಸ್ತೆಗೆ ತಿರುಗುವುದನ್ನು ಕಿಟಕಿಯಿಂದ ನೋಡಿದ ಮೇಲೆ ಸಹಿ ಹಾಕಿದ್ದೇನೆ.

ಸ್ಥಳ: ಠಾಣೆಯ ಬರಹಗಾರರ ಕೊಠಡಿ
ದಿನ: 14ನೇ ತಾರೀಖು, ಭಾನುವಾರ, ಮಧ್ಯಾಹ್ನ 3 ಗಂಟೆ 52 ನಿಮಿಷ
ಹೇಳಿಕೆ ಕೊಟ್ಟವನ ಸಹಿ